ಲಾಗ್‌ನಲ್ಲಿ ಬೇರೆ ಸರ್ವರಿನ ಹೆಸರು: ಅದನ್ನ ಬರೆದಿದ್ದು ಯಾರು?

ಇವತ್ತಿನ ವಿಷಯ ಚಿಕ್ಕದು. ಆದರೆ ಸರ್ವರ್ ನೋಡಿಕೊಳ್ಳೋ ಕೆಲಸಕ್ಕೆ ಹೊಸದಾಗಿ ಸೇರಿದವರ ನಿದ್ದೆ ಕೆಡಿಸುವಂಥದ್ದು. ಲಿನಕ್ಸ್ ಲಾಗ್‌ನಲ್ಲಿ ತಪ್ಪು ಹೋಸ್ಟ್‌ನೇಮ್ ಬರ್ತಿದ್ರೆ ಏನು ಮಾಡೋದು?

ಲಾಗ್ ಸಾಲು ಹೇಗಿರುತ್ತೆ ಅಂತ ನೋಡಿ. ಮೊದಲು ದಿನಾಂಕ ಮತ್ತು ಸಮಯ. ಆಮೇಲೆ ಯಂತ್ರದ ಹೆಸರು, ಅಂದ್ರೆ ಹೋಸ್ಟ್‌ನೇಮ್. ನಂತರ ಪ್ರೋಗ್ರಾಮಿನ ಹೆಸರು, ಕೊನೆಗೆ ಸಂದೇಶ. ಸಿಸ್‌ಲಾಗ್ ಅನ್ನೋ ಈ ವ್ಯವಸ್ಥೆ 1980ರ ದಶಕದ್ದು. ಎರಿಕ್ ಆಲ್ಮನ್ ಅವರು ಸೆಂಡ್‌ಮೇಲ್ ಎಂಬ ಈಮೇಲ್ ತಂತ್ರಾಂಶದ ಜೊತೆಗೆ ಇದನ್ನ ರೂಪಿಸಿದ್ರು. ಇವತ್ತಿಗೂ ನಮ್ಮ ಲಾಗ್‌ಗಳು ಬಹುಪಾಲು ಅದೇ ದಾರಿಯಲ್ಲೇ ನಡೀತಿವೆ.

ಈಗ ಹೀಗೆ ಅಂದುಕೊಳ್ಳಿ. ನಾಲ್ಕು ಸರ್ವರ್ ಇವೆ, ಎಲ್ಲದರ ಲಾಗ್ ಒಂದೇ ಕಡೆ ಬಂದು ಬೀಳುತ್ತೆ. ರಾತ್ರಿ ಎರಡು ಗಂಟೆಗೆ ‘ವೆಬ್-2’ ಹೆಸರಲ್ಲಿ ‘ಡಿಸ್ಕ್ ತುಂಬಿದೆ’ ಅಂತ ಬಂತು. ನಿಜವಾಗಿ ತುಂಬಿರೋದು ವೆಬ್-3. ನೀವು ಚೆನ್ನಾಗಿರೋ ಯಂತ್ರಕ್ಕೆ ಕೈ ಹಾಕ್ತೀರಿ, ಕೆಟ್ಟಿರೋದು ಕೆಡ್ತಾನೇ ಇರುತ್ತೆ. ಹೊಟ್ಟೆ ನೋವಿಗೆ ತಲೆಗೆ ಪಟ್ಟಿ ಕಟ್ಟಿದ ಹಾಗೆ.

ಕಾನೂನಿನ ಕಡೆಯಿಂದಲೂ ಇದು ಮುಖ್ಯ. 2022ರ ಏಪ್ರಿಲ್‌ನಲ್ಲಿ ಹೊರಟ ಸರ್ಟ್-ಇನ್ ನಿರ್ದೇಶನದ ಪ್ರಕಾರ ನಮ್ಮ ದೇಶದ ಸಂಸ್ಥೆಗಳು 180 ದಿನಗಳ ಲಾಗ್ ಇಟ್ಟಿರಬೇಕು, ಸೈಬರ್ ದಾಳಿಯಂಥ ಘಟನೆ ನಡೆದರೆ ಗೊತ್ತಾದ 6 ಗಂಟೆಯೊಳಗೆ ವರದಿ ಕೊಡಬೇಕು. ಯಾವ ಯಂತ್ರಕ್ಕೆ ನುಗ್ಗಿದ್ರು ಅಂತಾನೇ ಲಾಗ್ ಸರಿಯಾಗಿ ಹೇಳದಿದ್ರೆ, 180 ದಿನ ಇಟ್ಟು ಏನು ಪ್ರಯೋಜನ?

ಹಾಗಾದ್ರೆ ಎಲ್ಲಿಂದ ಹುಡುಕೋದು? ಒಂದೇ ಪ್ರಶ್ನೆ ಕೇಳ್ಕೊಳ್ಳಿ: ಈ ಹೆಸರನ್ನ ಯಾರು, ಯಾವಾಗ ಬರೆದರು? ಉತ್ತರ ಮೂರು ಕಡೆ ಇರಬಹುದು.

ಮೊದಲನೇದು, ಅದೇ ಯಂತ್ರ. ಸರ್ವರಿನ ಹೆಸರು ಬದಲಾಯಿಸಿದ್ದೀರಿ, ಟರ್ಮಿನಲ್ ಹೊಸ ಹೆಸರು ತೋರಿಸ್ತಿದೆ, ಆದರೆ ಲಾಗ್ ಫೈಲ್ ಮಾತ್ರ ಹಳೇದನ್ನೇ ಹಿಡ್ಕೊಂಡಿದೆ. ಕಾರಣ ಸರಳ. ಲಾಗ್ ಬರೆಯೋ ಆರ್‌ಸಿಸ್‌ಲಾಗ್ ಸಾಮಾನ್ಯವಾಗಿ ತಾನು ಶುರುವಾದಾಗ ಯಂತ್ರದ ಹೆಸರು ಕೇಳಿ ನೆನಪಿಟ್ಟುಕೊಳ್ಳುತ್ತೆ, ಪ್ರತಿ ಸಾಲಿಗೂ ಹೋಗಿ ಕೇಳಲ್ಲ. ಆರ್‌ಸಿಸ್‌ಲಾಗ್ ಸೇವೆಯನ್ನ ರೀಸ್ಟಾರ್ಟ್ ಮಾಡಿದ್ರೆ ಮುಂದಿನ ಸಾಲುಗಳು ಸರಿ ಬರುತ್ವೆ. ಹಿಂದಿನವು ಬದಲಾಗಲ್ಲ, ಬದಲಾಗಲೂಬಾರದು. ಲಾಗ್ ಅಂದ್ರೆ ದಾಖಲೆ.

ಎರಡನೇದು, ಹೆಸರು ಕೊಡೋರು ಬೇರೆ ಇರಬಹುದು. ‘ಹೋಸ್ಟ್‌ನೇಮ್‌ಸಿಟಿಎಲ್’ ಅನ್ನೋ ಕಮಾಂಡ್ ಕೊಟ್ಟು ನೋಡಿ. ಸ್ಟ್ಯಾಟಿಕ್ ಹೆಸರು ಅಂದ್ರೆ ‘ಇಟಿಸಿ’ ಫೋಲ್ಡರಿನ ಹೋಸ್ಟ್‌ನೇಮ್ ಫೈಲಿನಲ್ಲಿ ಬರೆದಿಟ್ಟದ್ದು. ಟ್ರಾನ್ಸಿಯೆಂಟ್ ಅಂದ್ರೆ ಸದ್ಯಕ್ಕೆ ಚಾಲ್ತಿಯಲ್ಲಿರೋದು, ಇದು ನೆಟ್‌ವರ್ಕಿನಿಂದಲೂ ಬಂದಿರಬಹುದು. ಕ್ಲೌಡ್ ಯಂತ್ರವಾದ್ರೆ ‘ಕ್ಲೌಡ್-ಇನಿಟ್’ ಕಡೆ ಒಂದು ಕಣ್ಣಿಡಿ. ನೀವು ಹೆಸರು ಬದಲಾಯಿಸಿದ್ರೂ ರೀಬೂಟ್ ಆದಾಗ ಅದು ಮತ್ತೆ ಹಳೇ ಹೆಸರು ತಂದಿಡಬಹುದು. ಅದರ ಸೆಟ್ಟಿಂಗ್‌ನಲ್ಲಿ ‘ಪ್ರಿಸರ್ವ್ ಹೋಸ್ಟ್‌ನೇಮ್’ ಅನ್ನೋದನ್ನ ‘ಟ್ರೂ’ ಮಾಡಿ. ಹಾಗೇ ‘ಇಟಿಸಿ’ಯಲ್ಲೇ ಇರೋ ‘ಹೋಸ್ಟ್ಸ್’ ಫೈಲಿನಲ್ಲೂ ಹೊಸ ಹೆಸರು ಹಾಕಿ. ಇಲ್ಲದಿದ್ರೆ ‘ಸುಡೊ’ ಕೊಟ್ಟಾಗೆಲ್ಲ ಈ ಹೆಸರು ಗೊತ್ತಾಗ್ತಿಲ್ಲ ಅಂತ ಗೊಣಗಬಹುದು.

ಒಂದೇ ಟೆಂಪ್ಲೇಟಿನಿಂದ ಹತ್ತು ವರ್ಚುವಲ್ ಯಂತ್ರ ಮಾಡಿ ಹೆಸರು ಬದಲಾಯಿಸದೇ ಬಿಟ್ಟರೆ, ಒಂದೇ ಹೆಸರಿನ ಹತ್ತು ಜನರಿರೋ ತರಗತಿಯಲ್ಲಿ ಹಾಜರಿ ಕರೆದ ಹಾಗಾಗುತ್ತೆ. ಡಾಕರ್ ಕಂಟೇನರ್ ಆದ್ರೆ, ನೀವಾಗಿ ಹೆಸರು ಕೊಡದಿದ್ದಾಗ 12 ಅಕ್ಷರದ ಐಡಿಯೇ ಅದರ ಹೋಸ್ಟ್‌ನೇಮ್. ಲಾಗ್‌ನಲ್ಲಿ ಅರ್ಥವಾಗದ ಅಂಕಿ-ಅಕ್ಷರ ಕಂಡ್ರೆ ಗಾಬರಿ ಬೇಡ.

ಮೂರನೇದು, ನೆಟ್‌ವರ್ಕ್ ಮೂಲಕ ಬರೋ ಲಾಗ್. ಇಲ್ಲಿ ಹೆಸರು ಬರೆಯೋದು ಕಳಿಸಿದ ಯಂತ್ರ, ಸ್ವೀಕರಿಸೋದು ಅದನ್ನ ನಂಬುತ್ತೆ ಅಷ್ಟೇ. ಕೆಲವು ರೌಟರ್, ಸ್ವಿಚ್‌ಗಳು ಹೆಸರೇ ಹಾಕದೆ ಸಂದೇಶ ಕಳಿಸ್ತವೆ. ಆಗ ಸಂದೇಶದ ಮೊದಲ ಪದವೇ ಹೋಸ್ಟ್‌ನೇಮ್ ಜಾಗದಲ್ಲಿ ಕೂತುಬಿಡಬಹುದು. ಆರ್‌ಸಿಸ್‌ಲಾಗ್‌ನಲ್ಲಿ ‘ಫ್ರಮ್‌ಹೋಸ್ಟ್-ಐಪಿ’ ಅನ್ನೋ ಇನ್ನೊಂದು ಮಾಹಿತಿ ಇದೆ. ಸಂದೇಶ ಯಾವ ಐಪಿ ವಿಳಾಸದಿಂದ ಬಂತು ಅಂತ ಅದು ಹೇಳುತ್ತೆ. ಲಾಗ್ ಟೆಂಪ್ಲೇಟಿಗೆ ಅದನ್ನೂ ಸೇರಿಸಿ. ಆದರೆ ನಡುವೆ ರಿಲೇ ಸರ್ವರ್ ಇದ್ರೆ ಆ ವಿಳಾಸ ರಿಲೇಯದ್ದು. ಆಗ ರಿಲೇಯಲ್ಲೇ ಹೋಗಿ ನೋಡಬೇಕು.

ಎಲ್ಲ ಸರಿಮಾಡಿದ ಮೇಲೆ ಪರೀಕ್ಷೆ ಮಾಡೋದು ಮರೀಬೇಡಿ. ‘ಲಾಗರ್’ ಅಂತ ಒಂದು ಕಮಾಂಡ್ ಇದೆ. ಅದರ ಮುಂದೆ ಏನಾದ್ರೂ ನಾಲ್ಕು ಪದ ಬರೆದು ಎಂಟರ್ ಒತ್ತಿ, ಲಾಗ್‌ನ ಕೊನೇ ಸಾಲು ನೋಡಿ. ಯಂತ್ರವನ್ನ ಒಮ್ಮೆ ರೀಬೂಟ್ ಮಾಡಿ ಮತ್ತೆ ನೋಡಿ. ಎರಡು ಸಲವೂ ಸರಿ ಬಂದ್ರೆ ಕೆಲಸ ಮುಗೀತು. ಹಾಗೇ ಹೆಸರು ಬದಲಾಯಿಸಿದ ದಿನ, ಸಮಯ ಎರಡನ್ನೂ ತಂಡದ ಟಿಪ್ಪಣಿಯಲ್ಲಿ ಬರೆದಿಡಿ. ಆರು ತಿಂಗಳ ಹಿಂದಿನ ಲಾಗ್ ತೆಗೆದು ನೋಡೋರಿಗೆ ಹಳೇ ಹೆಸರು ಯಾರದ್ದು ಅಂತ ಗೊತ್ತಾಗೋದು ಅದರಿಂದಲೇ.