ಅರಿವಳಿದ ಅಂಗದ ಆರೈಕೆ

 

ಉತ್ಸವದ ಶುಭಸಮಯದಲ್ಲಿ ಹುಣ್ಣಿನ ವಿಚಾರವನ್ನೆತ್ತುವುದು ಅಸಮಂಜಸವೆಂದು ಕೆಲವರಿಗೆ ತೋರಬಹುದು. ಆದರೆ ದಾಸೋಹವು ಅನ್ನದಿಂದ ಮಾತ್ರವೇ ಪೂರೈಸತಕ್ಕದ್ದಲ್ಲ. ನಂಜನಗೂಡು, ತಿರುಮಕೂಡಲು ನರಸೀಪುರಗಳ ಸೀಮೆಯಲ್ಲಿ ತೆಂಗಿನ ಮರದಿಂದ ಬಿದ್ದೋ ರಸ್ತೆಯ ಅಪಘಾತಕ್ಕೆ ಸಿಕ್ಕಿಯೋ ಬೆನ್ನುಹುರಿಗೆ ಪೆಟ್ಟಾದವನೊಬ್ಬನು ಮನೆಯಲ್ಲಿ ಮಲಗಿದ್ದಾನೆಂದು ಭಾವಿಸಿರಿ. ಅವನ ಕಾಲುಗಳ ಚಲನೆ ಹೋದುದನ್ನು ಎಲ್ಲರೂ ಕಾಣುತ್ತಾರೆ. ನೋವಿನ ಅರಿವು ಹೋದುದನ್ನು ಕಾಣುವವರು ವಿರಳ.

ನೋವನ್ನು ನಾವು ಶತ್ರುವೆಂದೆಣಿಸುತ್ತೇವೆ. ವಿಚಾರಿಸಿದರೆ ಅದು ಮೈಯ ಕಾವಲುಗಾರ. ನಿದ್ರೆಯಲ್ಲಿಯೂ ನಾವು ಮಗ್ಗುಲು ಬದಲಿಸುವೆವು. ಒತ್ತಡದ ಸುದ್ದಿಯು ಬೆನ್ನುಹುರಿಯ ಮಾರ್ಗವಾಗಿ ಮಿದುಳನ್ನು ಮುಟ್ಟುವುದೇ ಇದಕ್ಕೆ ಕಾರಣ. ಆ ಮಾರ್ಗ ಕಡಿದವನಿಗೆ ಸುದ್ದಿ ಮುಟ್ಟದು. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿದ ಚರ್ಮಮಾಂಸಗಳಿಗೆ ರಕ್ತವು ಹರಿಯದೆ, ಕೆಲವೇ ಗಂಟೆಗಳಲ್ಲಿ ಅವು ಕೆಡತೊಡಗುವುವು. ಮೇಲೆ ಸಣ್ಣ ಕಲೆ ಕಂಡರೂ ಒಳಗೆ ಮೂಳೆಯವರೆಗೆ ಹುಣ್ಣು ಇಳಿದಿರಬಹುದು. ಜಾತ್ರೆಯ ದಿನ ಕಪಿಲೆಯ ಕಾದ ಮೆಟ್ಟಿಲುಗಲ್ಲಿನ ಮೇಲೆ ಅಂಥವನನ್ನು ಕೂರಿಸಿದರೆ ಸುಟ್ಟರೂ ಅವನಿಗೆ ತಿಳಿಯದು. ಸಂಗಮದ ಮರಳಿನಲ್ಲಿ ಕೂತಾಗ ಹರಳು ಒತ್ತಿದರೂ ತಿಳಿಯದು.

ಹಿಂದೆ ಈ ಹುಣ್ಣುಗಳು ಅನಿವಾರ್ಯವೆಂದೇ ಜನರು ನಂಬಿದ್ದರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಕಾರ್ಯವನ್ನಾರಂಭಿಸಿದ ಡಾಕ್ಟರ್ ಲುಡ್ವಿಗ್ ಗಟ್‌ಮನ್ನರು, ಹಗಲಿರುಳೂ 2 ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸುವ ಕ್ರಮದಿಂದ ಆ ನಂಬಿಕೆಯನ್ನು ಸುಳ್ಳುಮಾಡಿದರು. ನಮ್ಮ ನೆರೆಯ ವೆಲ್ಲೂರಿನ ವೈದ್ಯೆ ಮೇರಿ ವರ್ಗೀಸರು 1954ರ ಮೋಟಾರು ಅಪಘಾತದಲ್ಲಿ ಕಾಲುಗಳ ಶಕ್ತಿಯನ್ನು ಕಳೆದುಕೊಂಡರೂ, ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಅವರ ಶ್ರಮದಿಂದ 1966ರಲ್ಲಿ ಅಲ್ಲಿ ಇಂಥ ರೋಗಿಗಳ ಪುನರ್ವಸತಿ ಸಂಸ್ಥೆಯೊಂದು ತೆರೆಯಿತು. ಚರ್ಮವನ್ನು ಕಾಪಾಡಿಕೊಂಡವರಿಗೆ ಕಾಯಕವು ಉಳಿಯುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಹಾಗಾದರೆ ಮನೆಯವರು ಮಾಡತಕ್ಕದ್ದೇನು? ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ, ಒಳ್ಳೆಯ ಬೆಳಕಿನಲ್ಲಿ ಮೈಯನ್ನು ನೋಡಬೇಕು. ಸೊಂಟದ ಹಿಂಭಾಗ, ಕುಳಿತುಕೊಳ್ಳುವ ಮೂಳೆಗಳು, ತೊಡೆಯ ಪಕ್ಕ, ಹಿಮ್ಮಡಿ, ಕಾಲಿನ ಹರಡು, ಇವು ಮುಖ್ಯಸ್ಥಾನಗಳು. ತನ್ನ ಮೈಯನ್ನು ತಾನೇ ನೋಡಿಕೊಳ್ಳುವವನಿಗೆ ಹಿಡಿಯುಳ್ಳ ಕನ್ನಡಿಯೊಂದು ಸಾಕು. ಬೆರಳಿನಿಂದ ಒತ್ತಿದರೂ ಮಾಸದ ಕೆಂಪು ಅಪಾಯದ ಗುರುತು. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದಿರಬಹುದು. ಅಲ್ಲಿ ಕಪ್ಪೇರಿಕೆ, ಬಿಸಿ, ಊತ, ಗಡಸುತನಗಳನ್ನು ಮುಟ್ಟಿ ಅರಿಯಬೇಕು. ಅಂಥ ಜಾಗವನ್ನು ತಿಕ್ಕಬಾರದು. ಅದರ ಮೇಲಿನ ಭಾರವನ್ನು ಪೂರ್ತಿಯಾಗಿ ತಪ್ಪಿಸಬೇಕು.

ಕುಳಿತವನು 15ರಿಂದ 30 ನಿಮಿಷಕ್ಕೊಮ್ಮೆ ಮುಂದಕ್ಕಾಗಲಿ ಪಕ್ಕಕ್ಕಾಗಲಿ ಬಾಗಿ, ಒಂದೆರಡು ನಿಮಿಷ ಭಾರವನ್ನಿಳಿಸಬೇಕು. ಹಾಸಿಗೆಯ ಬಟ್ಟೆ ಸುಕ್ಕಾಗಬಾರದು, ಒದ್ದೆಯಾಗಿರಬಾರದು. ಜೇಬಿನ ಬೀಗದ ಕೈ, ತೊಡೆಯಡಿಯ ಮೂತ್ರದ ನಳಿಗೆ, ಇವೂ ಗಾಯಮಾಡುವುವು. ಸ್ನಾನದ ನೀರಿನ ಬಿಸಿಯನ್ನು ಅರಿವುಳ್ಳ ಕೈಯೇ ಪರೀಕ್ಷಿಸಬೇಕು. ಬಿಸಿನೀರಿನ ಚೀಲ, ಕಾಯಿಸಿದ ಎಣ್ಣೆಗಳು ಬೇಡವೇ ಬೇಡ. ಹಾಲು, ಮೊಸರು, ಬೇಳೆಕಾಳುಗಳನ್ನು ಊಟದಲ್ಲಿ ಕಡಮೆಮಾಡಬಾರದು. ಚರ್ಮ ಒಡೆದರೆ, ಕಪ್ಪಾದರೆ, ದುರ್ಗಂಧ ಅಥವಾ ಜ್ವರ ಬಂದರೆ, ಮದ್ದರೆಯುತ್ತ ದಿನಗಳೆಯದೆ ತಾಲ್ಲೂಕಿನ ಆಸ್ಪತ್ರೆಗಾಗಲಿ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಗಾಗಲಿ ಒಯ್ಯತಕ್ಕದ್ದು.

ನಡುರಾತ್ರಿ ಎದ್ದು ಮಗ್ಗುಲು ತಿರುಗಿಸುವ ಕೆಲಸ ಸಾಮಾನ್ಯವಾಗಿ ಮನೆಯ ಒಬ್ಬ ಹೆಣ್ಣುಮಗಳ ಮೇಲೆಯೇ ಬೀಳುವುದು. ಆಕೆ ಬಳಲಿ ಒಂದು ರಾತ್ರಿ ನಿದ್ರೆಹೋದರೆ ಅದು ಆಕೆಯ ಅಪರಾಧವಲ್ಲ. ಸರದಿಗೆ ಬಾರದ ನಮ್ಮೆಲ್ಲರ ಅಪರಾಧ. ಆದುದರಿಂದ ನನ್ನ ಬಿನ್ನಹವಿಷ್ಟೆ: ನಿಮ್ಮ ಗ್ರಾಮದಲ್ಲಿ ಇಂಥವರೊಬ್ಬರಿದ್ದರೆ, ಹಣ್ಣುಕಾಯಿಯೊಡನೆ ಹೋಗಿ ಕನಿಕರದ ಮಾತಾಡಿ ಹಿಂದಿರುಗಬೇಡಿರಿ. ಒಂದು ಸರದಿಯನ್ನು ವಹಿಸಿಕೊಳ್ಳಿರಿ. ಅವರ ಮೈ ಕಳೆದುಕೊಂಡ ಅರಿವಿಗೆ ನಮ್ಮ ಕಣ್ಣೂ ಕೈಯೂ ಬದಲಾಗಲಿ.