ಊರಿನ ತಂಡ: ಸ್ವೀಡನ್ನಿನ ಐಸ್ ಹಾಕಿ ಲೀಗ್

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ವಿದೇಶದಲ್ಲಿ ಕೆಲಸ ಮಾಡಿ ಬಂದಿದ್ದೀಯಲ್ಲ, ಅದರ ಬಗ್ಗೆ ನಾಲ್ಕು ಮಾತು ಹೇಳು ಎಂದು ಮೇಷ್ಟ್ರು ಅಪ್ಪಣೆ ಮಾಡಿದ್ದಾರೆ. ಸಂಬಳ, ಚಳಿ, ವೀಸಾ ಇವುಗಳ ಬಗ್ಗೆ ಎಲ್ಲರೂ ಹೇಳುತ್ತಾರೆ. ನಾನು ಒಂದು ಆಟದ ಬಗ್ಗೆ ಹೇಳುತ್ತೇನೆ. ನಮ್ಮ ಶಾಲೆ ಶುರುವಾದದ್ದು 1975ರಲ್ಲಿ. ಸ್ವೀಡನ್ ದೇಶದ ಅತಿ ಮೇಲಿನ ಐಸ್ ಹಾಕಿ ಲೀಗ್ ಶುರುವಾದದ್ದೂ ಅದೇ ವರ್ಷ. ಆಗ ಅದರ ಹೆಸರು ಎಲಿಟ್‌ಸೇರಿಯನ್, ಇದ್ದದ್ದು ಹತ್ತು ತಂಡ. 2013ರಿಂದ ಎಸ್‌ಎಚ್‌ಎಲ್ ಎನ್ನುತ್ತಾರೆ. ಈಗ ಹದಿನಾಲ್ಕು ತಂಡಗಳಿವೆ, ಒಂದೊಂದು ತಂಡವೂ 52 ಪಂದ್ಯ ಆಡಬೇಕು.

ಮಕ್ಕಳಿಗೆ ಆಟ ಹೇಗೆಂದು ಹೇಳಿಬಿಡುತ್ತೇನೆ. ಮೈದಾನವೆಲ್ಲ ಮಂಜುಗಡ್ಡೆ. ಕಾಲಿಗೆ ಉಕ್ಕಿನ ಅಲಗಿನ ಬೂಟು, ಕೈಯಲ್ಲಿ ಕೋಲು. ಚೆಂಡಿಲ್ಲ, ಗಟ್ಟಿ ರಬ್ಬರಿನ ಬಿಲ್ಲೆ ಇದೆ, ಅದಕ್ಕೆ ಪಕ್ ಎನ್ನುತ್ತಾರೆ. ಒಂದು ಕಡೆಗೆ ಐವರು ಮತ್ತು ಗೋಲ್ ಕೀಪರ್. ಇಪ್ಪತ್ತಿಪ್ಪತ್ತು ನಿಮಿಷದ ಮೂರು ಭಾಗ. ಒಬ್ಬ ಆಟಗಾರ ಒಂದು ಸಲಕ್ಕೆ ಒಂದು ನಿಮಿಷ ಆಡಿದರೆ ಹೆಚ್ಚು, ಅಷ್ಟರಲ್ಲಿ ಏದುಸಿರು ಬಂದು ಬೆಂಚಿಗೆ ಓಡುತ್ತಾನೆ, ಇನ್ನೊಬ್ಬ ಇಳಿಯುತ್ತಾನೆ. ಮೊದಲ ದಿನ ನನಗೆ ಬಿಲ್ಲೆಯೇ ಕಾಣಲಿಲ್ಲ. ಜನ ಎದ್ದಾಗ ನಾನೂ ಎದ್ದೆ.

ನಾನಿದ್ದದ್ದು ಡಾಲಾರ್ನಾ ಪ್ರಾಂತದ ಲುಡ್ವಿಕಾದಲ್ಲಿ, ವಿದ್ಯುತ್ ಉಪಕರಣಗಳ ಕಾರ್ಖಾನೆಯಲ್ಲಿ. ಅದೇ ಪ್ರಾಂತದಲ್ಲಿ ಸಿಲ್ಯಾನ್ ಎಂಬ ದೊಡ್ಡ ಸರೋವರವಿದೆ. ಅದರ ಒಂದು ದಡದಲ್ಲಿ ಲೆಕ್ಸಾಂಡ್, ಇನ್ನೊಂದು ದಡದಲ್ಲಿ ಮೋರಾ. ಲೆಕ್ಸಾಂಡ್‌ನ ಜನಸಂಖ್ಯೆ ಸುಮಾರು ಆರು ಸಾವಿರ. ಅಲ್ಲಿನ ಐಸ್ ಹಾಕಿ ಕ್ರೀಡಾಂಗಣದಲ್ಲಿ 7,650 ಜನರಿಗೆ ಜಾಗ! ಊರಿನವರೆಲ್ಲ ಬಾಗಿಲು ಹಾಕಿಕೊಂಡು ಬಂದರೂ ತುಂಬುವುದಿಲ್ಲ, ಸುತ್ತಲ ಹಳ್ಳಿಯವರೂ ಬರಬೇಕು, ಬರುತ್ತಾರೆ. ಇಷ್ಟು ಸಣ್ಣ ಊರಿನ ತಂಡ 1973, 1974, 1975 ಹೀಗೆ ಸತತ ಮೂರು ವರ್ಷ ದೇಶದ ಚಾಂಪಿಯನ್ ಆಗಿತ್ತು. ರಾಜಧಾನಿ ಸ್ಟಾಕ್‌ಹೋಮ್‌ನ ತಂಡಗಳು ಇವರೆದುರು ಸೋತು ಹೋಗುತ್ತಿದ್ದವು.

ಈ ಲೀಗ್‌ನಲ್ಲಿ ಒಂದು ಕಠಿಣ ನಿಯಮವಿದೆ. ಕೊನೆಯಲ್ಲಿ ಉಳಿದವರು ಕೆಳಗಿನ ದರ್ಜೆಗೆ ಇಳಿಯಬೇಕು, ಕೆಳಗೆ ಚೆನ್ನಾಗಿ ಆಡಿದವರು ಮೇಲೆ ಬರುತ್ತಾರೆ. ನಮ್ಮ ಕಾಲದಲ್ಲಿ ಫೇಲಾದವರು ಅದೇ ಕ್ಲಾಸಿನಲ್ಲಿ ಕೂರುತ್ತಿದ್ದೆವು. ಅಲ್ಲಿ ಹಿಂದಿನ ಕ್ಲಾಸಿಗೇ ಕಳಿಸುತ್ತಾರೆ. ಇಳಿದರೆ ಟಿ.ವಿ. ಹಣ ಹೋಗುತ್ತದೆ, ಒಳ್ಳೆಯ ಆಟಗಾರರು ಹೋಗುತ್ತಾರೆ, ಕಚೇರಿಯಲ್ಲಿ ಕೆಲಸಕ್ಕಿರುವವರಿಗೂ ಆತಂಕ. ಲೆಕ್ಸಾಂಡ್ 2005ರಲ್ಲಿ ಹೊಸ ಕ್ರೀಡಾಂಗಣ ಕಟ್ಟಿತು, 2006ರಲ್ಲಿ ಕೆಳಗಿಳಿಯಿತು. ಏಳು ವರ್ಷ ಮೇಲೆ ಬರಲಾಗಲಿಲ್ಲ. ಆಮೇಲೆ 2013ರಿಂದ 2019ರೊಳಗೆ ಮೂರು ಸಲ ಏರಿತು, ಎರಡು ಸಲ ಇಳಿಯಿತು.

ನಾನು ಹೋದಾಗ ಅದು ಮೇಲಿತ್ತು. ನಮ್ಮ ವಿಭಾಗದಲ್ಲಿ ಲೆಕ್ಸಾಂಡ್‌ನ ಹಿರಿಯರೊಬ್ಬರು, ಮೋರಾದ ನನ್ನ ವಯಸ್ಸಿನವನೊಬ್ಬ ಇದ್ದರು. 2017ರ ವಸಂತದಲ್ಲಿ ಈ ಎರಡು ಊರುಗಳೇ ಎದುರುಬದುರಾದವು. ಗೆದ್ದವರು ಮೇಲೆ, ಸೋತವರು ಕೆಳಗೆ. ಆ ದಿನಗಳಲ್ಲಿ ಇಬ್ಬರೂ ಕಾಫಿ ವೇಳೆಗೆ ಒಂದೇ ಮೇಜಿಗೆ ಬರುತ್ತಿದ್ದರು, ಆದರೆ ಹವಾಮಾನದ ಬಗ್ಗೆ ಮಾತ್ರ ಮಾತು. ಮೋರಾ ಗೆದ್ದಿತು. ಹಿರಿಯರು ಮರುದಿನ ರಜೆ ಹಾಕಿದರು.

ಆ ಚಳಿಗಾಲ ಅವರು ನನ್ನನ್ನು ಲೆಕ್ಸಾಂಡ್‌ಗೆ ಕರೆದೊಯ್ದರು. ಕೆಳದರ್ಜೆಯ ಪಂದ್ಯ, ಆದರೂ ಜನವೋ ಜನ. ಕಾಫಿ ಕೊಡುತ್ತಿದ್ದ ಅಜ್ಜಿ ಸಂಬಳವಿಲ್ಲದೆ ದುಡಿಯುವ ಸದಸ್ಯೆ. “ತಂಡದ ಮಾಲೀಕರು ಯಾರು?” ಎಂದು ಕೇಳಿದೆ. ಹಿರಿಯರು ಜೇಬಿನಿಂದ ತಮ್ಮ ಸದಸ್ಯತ್ವದ ಕಾರ್ಡು ತೆಗೆದು ತೋರಿಸಿದರು.

ಅಲ್ಲಿ ತಂಡ ನಡೆಸಲು ಕಂಪನಿ ಮಾಡಿದರೂ, ಅದರ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಊರಿನ ಕ್ರೀಡಾಸಂಘದ ಕೈಯಲ್ಲೇ ಇರಬೇಕು. ಇದನ್ನು 51 ಶೇಕಡಾ ನಿಯಮ ಎನ್ನುತ್ತಾರೆ. ಸಂಘದ ವಾರ್ಷಿಕ ಸಭೆಯಲ್ಲಿ ಸದಸ್ಯನಿಗೆ ಒಂದು ಮತ. ಹಣವಂತರು ಬರಲು ಈ ನಿಯಮ ಅಡ್ಡಿ, ತೆಗೆಯಿರಿ ಎನ್ನುವವರೂ ಅಲ್ಲಿದ್ದಾರೆ. ಅವರ ಮಾತು ಪೂರ್ತಿ ಸುಳ್ಳಲ್ಲ; ಹಣವಿಲ್ಲದೆ ಗೆಲ್ಲುವುದು ಕಷ್ಟ.

ಆದರೆ ಅಮೆರಿಕ, ಕೆನಡಾಗಳ ಎನ್‌ಎಚ್‌ಎಲ್ ನೋಡಿ. ಅಲ್ಲಿ ಕೊನೆಗೆ ಬಂದರೂ ಯಾರೂ ಇಳಿಯುವುದಿಲ್ಲ. ಆದರೆ ತಂಡವೇ ಊರು ಬಿಟ್ಟು ಹೋಗಬಹುದು. ಕೆನಡಾದ ಕ್ವಿಬೆಕ್ ನಗರದ ತಂಡವನ್ನು 1995ರಲ್ಲಿ ಮಾರಿದರು. ಅದು ಅಮೆರಿಕದ ಡೆನ್ವರ್‌ಗೆ ಹೋಯಿತು, ಮರುವರ್ಷವೇ ಸ್ಟ್ಯಾನ್ಲಿ ಕಪ್ ಗೆದ್ದಿತು. ಆ ತಂಡದ ದೊಡ್ಡ ಆಟಗಾರ ಪೀಟರ್ ಫೋರ್ಸ್‌ಬರ್ಗ್ ಸ್ವೀಡನ್ನಿನವನು, ಓರ್ನ್‌ಶೋಲ್ಡ್ಸ್‌ವಿಕ್ ಊರಿನವನು. (ಈ ಹೆಸರು ಸರಿಯಾಗಿ ಹೇಳಲು ನನಗೆ ಮೂರು ವರ್ಷ ಹಿಡಿಯಿತು, ಈಗಲೂ ಅನುಮಾನವೇ.) ಅವನ ಊರಿನ ತಂಡ ಮೋಡೋ. 2016ರಲ್ಲಿ ಅದನ್ನು ಕೆಳಗೆ ಕಳಿಸಿದ್ದು ಇದೇ ಲೆಕ್ಸಾಂಡ್. ಮೋಡೋ ಕೆಳಗಿಳಿಯಿತು, ಆದರೆ ಊರಲ್ಲೇ ಉಳಿಯಿತು; 2023ರಲ್ಲಿ ಮತ್ತೆ ಮೇಲೆ ಬಂತು, 2025ರಲ್ಲಿ ಮತ್ತೆ ಇಳಿಯಿತು.

ಇನ್ನು 2019. ಮತ್ತೆ ಅದೇ ಎರಡು ಊರು, ಅದೇ ಸರೋವರ. ಈ ಸಲ ಮೋರಾ ಮೇಲಿತ್ತು, ಲೆಕ್ಸಾಂಡ್ ಕೆಳಗಿನಿಂದ ಬಂದಿತ್ತು. ಲೆಕ್ಸಾಂಡ್ ಗೆದ್ದಿತು. ನಾನು ಭಾರತಕ್ಕೆ ಹೊರಡಲು ಕೆಲವೇ ವಾರ ಉಳಿದಿತ್ತು. ಮರುದಿನ ಮೋರಾದ ಗೆಳೆಯ ರಜೆ ಹಾಕಲಿಲ್ಲ. ಬಂದ, ಹಿರಿಯರ ಕೈ ಕುಲುಕಿದ, ಕಾಫಿ ಸುರಿದುಕೊಂಡ. ಆಮೇಲೆ ಫೋನ್ ತೆಗೆದು ಏನೋ ಒತ್ತುತ್ತಿದ್ದ. ಏನದು ಎಂದೆ.

“ಮುಂದಿನ ವರ್ಷದ ಸದಸ್ಯತ್ವದ ಹಣ ಕಟ್ಟುತ್ತಿದ್ದೇನೆ” ಎಂದ.