ನಗರದ ಕೊಳವೆಮಾರ್ಗ ಮತ್ತು ರೈತರ ಜಮೀನು

(ಶಿವಮೊಗ್ಗ ಮತ್ತು ಭದ್ರಾವತಿ ತಾಲ್ಲೂಕುಗಳ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೆಳೆ, ಗೊಬ್ಬರ, ಕೀಟಗಳ ವಿಚಾರ ಮಾತನಾಡಬೇಕಾದ ಈ ಸಭೆಯಲ್ಲಿ ನಗರದ ಕೊಳವೆಗಳ ಮಾತೇಕೆ ಎಂದು ತಮಗೆ ಅನ್ನಿಸಬಹುದು. ಶಿವಮೊಗ್ಗ ತುಂಗೆಯ ನೀರನ್ನೂ, ಭದ್ರಾವತಿ ಭದ್ರೆಯ ನೀರನ್ನೂ ಕುಡಿಯುತ್ತವೆ. ಪೇಟೆ ಬೆಳೆದಂತೆ ನೀರು ತರುವ ಕೊಳವೆಯೂ, ಕೊಳಚೆ ಒಯ್ಯುವ ಕೊಳವೆಯೂ ಊರಿನ ಎಲ್ಲೆ ದಾಟಿ ಗದ್ದೆ ತೋಟಗಳಿಗೆ ಬರುತ್ತವೆ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಗದ್ದೆಯಲ್ಲಿ ಇಂಥದೊಂದು ಕೊಳವೆ ಹಾಯ್ದಿತು. ಬೇಸಿಗೆಯಲ್ಲಿ ಅಗೆದು ಮುಚ್ಚಿದರು. ಬೆಳೆ ಇಲ್ಲದ ಕಾಲವೆಂದು ನಾವೂ ಸುಮ್ಮನಿದ್ದೆವು. ಮಳೆಗಾಲದಲ್ಲಿ ನಾಟಿ ಮಾಡಿದರೆ ಗದ್ದೆಯಲ್ಲಿ ನೀರೇ ನಿಲ್ಲಲಿಲ್ಲ. ತಲೆಮಾರುಗಳಿಂದ ಕೆಸರು ಮಾಡಿದ ಗದ್ದೆಯ ಅಡಿಯಲ್ಲಿ ಒಂದು ಗಟ್ಟಿ ಪದರ ಇರುತ್ತದೆ. ನೀರನ್ನು ಹಿಡಿದಿಡುವುದು ಅದೇ. ಅದು ಒಡೆದಿತ್ತು. ಗದ್ದೆ ಮೊದಲಿನಂತಾಗಲು ಮೂರು ಮಳೆಗಾಲ ಬೇಕಾಯಿತು. ತಪ್ಪಿನಲ್ಲಿ ನಮ್ಮ ಪಾಲೂ ಇತ್ತು. ಕೇಳಬೇಕಾದ ಕಾಲದಲ್ಲಿ ನಾವು ಕೇಳಿರಲಿಲ್ಲ.

ಯೋಜನೆ ಹೇಗೆ ರೂಪುಗೊಳ್ಳುತ್ತದೆ?

ಬೆಂಗಳೂರನ್ನು ಬಿಟ್ಟು ರಾಜ್ಯದ ಇತರ ಪಟ್ಟಣಗಳಿಗೆ ಇಂಥ ಯೋಜನೆಗಳನ್ನು ಸಾಮಾನ್ಯವಾಗಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಸಿದ್ಧಪಡಿಸುತ್ತದೆ. ಕೊಳವೆಗಳನ್ನು ಮುಂದಿನ 30 ವರ್ಷಗಳ ಜನಸಂಖ್ಯೆ ಲೆಕ್ಕ ಹಾಕಿ ಯೋಜಿಸುತ್ತಾರೆ. ಒಳಚರಂಡಿ ಇರುವ ಪಟ್ಟಣದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರೆಂದು ಅಂದಾಜು. 2011ರ ಜನಗಣತಿಯಲ್ಲೇ ಶಿವಮೊಗ್ಗ ನಗರದ ಜನ 3 ಲಕ್ಷಕ್ಕೂ ಮಿಕ್ಕಿದ್ದರು. 3 ಲಕ್ಷ ಜನಕ್ಕೆ ದಿನಕ್ಕೆ 4 ಕೋಟಿ 5 ಲಕ್ಷ ಲೀಟರ್ ನೀರು ಬೇಕು. ಅದರಲ್ಲಿ ನೂರಕ್ಕೆ ಎಂಬತ್ತು ಭಾಗ ಕೊಳಚೆಯಾಗಿ ಹೊರಬರುತ್ತದೆ. ಆದ್ದರಿಂದ ಎರಡು ಬಗೆಯ ಕೊಳವೆಗಳೂ ಬೇಕೇ ಬೇಕು.

ಇವೆರಡರ ಸ್ವಭಾವ ಬೇರೆ ಎಂಬುದನ್ನು ರೈತರು ತಿಳಿದಿರಬೇಕು. ಕುಡಿಯುವ ನೀರು ಪಂಪಿನ ಒತ್ತಡದಿಂದ ಹರಿಯುವುದರಿಂದ ಏರನ್ನೂ ಹತ್ತಬಲ್ಲದು. ಆದ್ದರಿಂದ ಆ ಕೊಳವೆಯನ್ನು ತೋಟ ಬಿಟ್ಟು ರಸ್ತೆಯ ಅಂಚಿಗೆ ತಿರುಗಿಸಲು ಬಹುಮಟ್ಟಿಗೆ ಸಾಧ್ಯವಿದೆ. ಕೊಳಚೆ ಹರಿಯುವುದು ಇಳಿಜಾರಿನಿಂದ. ಅದು ತಗ್ಗನ್ನೇ ಹುಡುಕುತ್ತದೆ. ತಗ್ಗಿನಲ್ಲಿರುವುದು ಹಳ್ಳ ಮತ್ತು ಗದ್ದೆ. ಆ ದಾರಿಯನ್ನು ಬದಲಿಸುವುದು ಕಷ್ಟ. ಅಲ್ಲಿ ಆಳುಗುಂಡಿ ಎಲ್ಲಿ ಬರಬೇಕು, ಅದರ ಮುಚ್ಚಳ ಗದ್ದೆಯ ನೀರಿನ ಮಟ್ಟಕ್ಕಿಂತ ಎಷ್ಟು ಎತ್ತರವಿರಬೇಕು ಎಂಬುದನ್ನು ಕೇಳುವುದು ಜಾಣತನ.

ಅನುಮತಿಗಳು

ಕೊಳವೆ ಬೀರೂರು–ಶಿವಮೊಗ್ಗ ರೈಲು ಹಳಿಯನ್ನು ದಾಟಬೇಕಾದರೆ ರೈಲ್ವೆಯ ಒಪ್ಪಿಗೆ ಬೇಕು. ಹೆದ್ದಾರಿಗೆ ಹೆದ್ದಾರಿ ಇಲಾಖೆ, ಅರಣ್ಯಕ್ಕೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ, ತುಂಗಾ ಭದ್ರಾ ನಾಲೆಗಳಿಗೆ ಕರ್ನಾಟಕ ನೀರಾವರಿ ನಿಗಮ. ನಾಲೆಯನ್ನು ಅಗೆದು ದಾಟುವುದಾದರೆ ನೀರು ನಿಲ್ಲಿಸಿದ ದಿನಗಳಲ್ಲೇ ಆ ಕೆಲಸ ಮುಗಿಯಬೇಕು.

ಇಲ್ಲೊಂದು ಮುಖ್ಯ ಸಂಗತಿ ಇದೆ. ಹಳಿಯನ್ನು ಇಲ್ಲಿ, ನಾಲೆಯನ್ನು ಅಲ್ಲಿ ದಾಟಬೇಕೆಂದು ಅನುಮತಿ ಸಿಕ್ಕಿದ ಮೇಲೆ ಆ ಎರಡು ಬಿಂದುಗಳ ನಡುವಿನ ದಾರಿ ಹೆಚ್ಚುಕಡಿಮೆ ನಿಶ್ಚಯವಾದಂತೆಯೇ. ಆಮೇಲೆ ಅಗೆಯುವ ಯಂತ್ರದ ಮುಂದೆ ನಿಂತು ವಾದಿಸಿದರೆ ಕೆಲಸ ನಿಲ್ಲಬಹುದೇ ಹೊರತು ದಾರಿ ಬದಲಾಗದು. ಆದ್ದರಿಂದ ಅಳತೆಗೆ ಜನ ಬಂದ ದಿನವೇ ಯಾವ ಯೋಜನೆ, ಯಾವ ಸರ್ವೆ ನಂಬರು ಎಂದು ವಿಚಾರಿಸಿ. ನಗರಪಾಲಿಕೆ ಅಥವಾ ನಗರಸಭೆಗೆ ಬರವಣಿಗೆಯಲ್ಲಿ ತಿಳಿಸಿ, ಸ್ವೀಕೃತಿ ಪಡೆಯಿರಿ.

ನೋಟೀಸು ಬಂದರೆ ಅದು ಯಾವ ಕಾಯ್ದೆಯಡಿ ಬಂದಿದೆ ಎಂದು ಮೊದಲು ನೋಡಬೇಕು. ಪೆಟ್ರೋಲಿಯಂ ಮತ್ತು ಅನಿಲ ಕೊಳವೆಗಳಿಗೆ 1962ರ ಪ್ರತ್ಯೇಕ ಕಾಯ್ದೆ ಇದೆ. ಅದರಲ್ಲಿ ಆಕ್ಷೇಪಣೆಗೆ 21 ದಿನ ಅವಕಾಶ. ಬಳಕೆಯ ಹಕ್ಕಿಗೆ ಭೂಮಿಯ ಮಾರುಕಟ್ಟೆ ಬೆಲೆಯ ನೂರಕ್ಕೆ 10 ಭಾಗ, ಬೆಳೆನಷ್ಟಕ್ಕೆ ಬೇರೆ ಪರಿಹಾರ. ಭೂಮಿ ರೈತನದಾಗಿಯೇ ಉಳಿದರೂ ಆ ಪಟ್ಟಿಯಲ್ಲಿ ಮನೆ, ಬಾವಿ, ಮರ ಕೂಡದು. ನಗರದ ನೀರಿನ ಕೊಳವೆಗೆ ಈ ಕಾಯ್ದೆ ಅನ್ವಯಿಸದು. ಒಂದರ ನಿಯಮವನ್ನು ಇನ್ನೊಂದಕ್ಕೆ ಹಚ್ಚಿ ಮೋಸಹೋಗಬಾರದು.

ಕೆಲಸಕ್ಕೆ ಮೊದಲು ಬರೆಸಿಕೊಳ್ಳಬೇಕಾದವು

1. ಕೆಲಸದ ವೇಳೆ ಬಳಸುವ ಪಟ್ಟಿಯ ಅಗಲ ಎಷ್ಟು, ಶಾಶ್ವತವಾಗಿ ಬೇಕಾದ ಅಗಲ ಎಷ್ಟು. ಒಂಬತ್ತು ಅಡಿ ಅಂತರದ ಅಡಿಕೆ ತೋಟದಲ್ಲಿ 20 ಅಡಿ ಪಟ್ಟಿ ಎಂದರೆ ಎರಡು ಸಾಲು ಮರ. ಹೊಸ ಸಸಿ ಫಸಲಿಗೆ ಬರಲು 5ರಿಂದ 7 ವರ್ಷ ಬೇಕು.

2. ಮೇಲ್ಮಣ್ಣನ್ನು ಬೇರೆಯಾಗಿ ರಾಶಿ ಹಾಕಿ, ಕೊನೆಯಲ್ಲಿ ಮೇಲಕ್ಕೇ ಹರಡತಕ್ಕದ್ದು.

3. ಗದ್ದೆಯಲ್ಲಿ ಜೇಡಿಮಣ್ಣನ್ನು ಪದರ ಪದರವಾಗಿ ಹಾಕಿ ಧಮ್ಮಸು ಮಾಡಿ ಗಟ್ಟಿ ಪದರವನ್ನು ಮರಳಿ ಕೂಡಿಸತಕ್ಕದ್ದು.

4. ಕಡಿದ ಬದು, ಬಸಿಗಾಲುವೆಗಳನ್ನು ಮಳೆಗೆ ಮುಂಚೆ ಸರಿಪಡಿಸತಕ್ಕದ್ದು. ಬಸಿಗಾಲುವೆ ಮುಚ್ಚಿದರೆ ತೋಟದಲ್ಲಿ ನೀರು ನಿಂತು, ಕಡಿಯದೆ ಉಳಿದ ಮರಗಳಿಗೂ ಬೇರುಕೊಳೆ ತಗಲೀತು.

5. ಮರಗಳನ್ನು ತಮ್ಮ ಸಮಕ್ಷಮ ಎಣಿಸಿ ಮಹಜರು ಮಾಡತಕ್ಕದ್ದು.

ಇದರ ಜೊತೆಗೆ ತಮ್ಮ ಪಹಣಿಯನ್ನು ಇಂದೇ ತೆಗೆದು ನೋಡಿ. ನೆಲದಲ್ಲಿ ಅಡಿಕೆ ಇದ್ದು ಪಹಣಿಯಲ್ಲಿ ಭತ್ತವೆಂದಿದ್ದರೆ ಪರಿಹಾರದ ಹೊತ್ತಿಗೆ ತೊಡಕು ತಪ್ಪಿದ್ದಲ್ಲ.

ಪೇಟೆಗೆ ನೀರು ಬೇಡವೆನ್ನುವವರು ನಾವಲ್ಲ. ಓದಲು, ದುಡಿಯಲು ಹೋದ ನಮ್ಮ ಮಕ್ಕಳೂ ಆ ನಲ್ಲಿಯ ನೀರನ್ನೇ ಕುಡಿಯುತ್ತಾರೆ. ಆದರೆ ನೀರು ಕೊಟ್ಟ ನೆಲ ಮತ್ತೆ ಬೆಳೆ ಕೊಡುವಂತಿರಬೇಕು. ಅದಕ್ಕಾಗಿ ದಾರಿ ಇನ್ನೂ ಕಾಗದದ ಮೇಲಿನ ಗೆರೆಯಾಗಿರುವಾಗಲೇ ನಾವು ಮಾತನಾಡಬೇಕು.